ಹೊನ್ನೆಕುದ್ರಿನ ಮೊದಲ ಗುಟುಕು

ನಾನು ಒಂದು ಕರಟದ ಸೌಟು. ನನ್ನ ಹೊಟ್ಟೆಗೆ ಹಿಡಿಸುವುದು ಒಂದು ದೊಡ್ಡ ಗುಟುಕು ನೀರು, ಅಷ್ಟೇ. ಸಾರು ಬಡಿಸುವ ಸೌಟುಗಳು ನನ್ನನ್ನು ನೋಡಿ ನಕ್ಕರೆ ನಗಲಿ. ನಾನು ಒಂದು ದಿನವೂ ಸಾರಿಗೆ ಇಳಿದಿಲ್ಲ, ಒಲೆಯ ಹತ್ತಿರ ಸುಳಿದಿಲ್ಲ. ನನ್ನ ಕೆಲಸವೇ ಬೇರೆ ಇತ್ತು. ಒಂದು ಇಡೀ ದ್ವೀಪ ಬೆಳಿಗ್ಗೆ ಎದ್ದು ನಾನು ಬಾವಿಯಿಂದ ಏನು ತರುತ್ತೇನೆ ಎಂದು ಕಾಯುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಜಂಬ ಕೊಚ್ಚುತ್ತದೆ ಅಂದುಕೊಂಡರೂ ಅಡ್ಡಿಯಿಲ್ಲ, ನಡೆದದ್ದು ಹಾಗೆಯೇ.

ನಾನು ಹುಟ್ಟಿದ್ದು ಹೊನ್ನೆಕುದ್ರಿನಲ್ಲಿ. ಕರಾವಳಿಯ ದಡದಿಂದ ಮುಕ್ಕಾಲು ಗಂಟೆ ಹುಟ್ಟು ಹಾಕಿದರೆ ಸಿಗುವ ನಡುಗಡ್ಡೆ ಅದು. ಸುತ್ತ ಬಿಳಿ ಮರಳು, ಮರಳಿನ ಅಂಚಿನಲ್ಲಿ ಬಾಗಿ ನಿಂತ ಹೊನ್ನೆ ಮರಗಳು, ಒಳಗೆ ತೆಂಗು, ಏಳು ಮೀನುಗಾರರ ಮನೆಗಳು, ನಡುಮಧ್ಯದಲ್ಲಿ ಒಂದು ಬಾವಿ. ನಾನಿದ್ದ ಕಾಯಿ ಆ ಬಾವಿಯ ಪಕ್ಕದ ಮರದ್ದು. ಬಚ್ಚ ಮರಕಾಲ ಎಂಬಾತ ಅದನ್ನು ಒಡೆದು, ಕಾಯಿಯನ್ನು ಅಡುಗೆಮನೆಗೆ ಕೊಟ್ಟು, ಕಣ್ಣಿಲ್ಲದ ಅರ್ಧ ಕರಟವನ್ನು ತನ್ನ ಬಳಿ ಇಟ್ಟುಕೊಂಡ. ಗಾಜಿನ ಚೂರಿನಿಂದ ನನ್ನ ಮೈಮೇಲಿನ ನಾರು ಹೆರೆದ. ಒರಟು ಎಲೆಯಿಂದ ಮೂರು ದಿನ ಉಜ್ಜಿದ. ಕೊಬ್ಬರಿ ಎಣ್ಣೆ ಹಚ್ಚಿ ಬಿಸಿಲಿಗಿಟ್ಟ. ಎರಡು ತೂತು ಕೊರೆದು ಬಿದಿರಿನ ಹಿಡಿ ತೂರಿಸಿದ. ಮೀನು ಹಿಡಿಯುವ ಆ ಒರಟು ಕೈಗೆ ಅಷ್ಟೊಂದು ತಾಳ್ಮೆ ಎಲ್ಲಿಂದ ಬಂತೋ ಎಂದು ನನಗೆ ಆಗಲೇ ಬೆರಗಾಗಿತ್ತು.

ನಾಲ್ಕನೆಯ ದಿನ ಬೆಳಗಾಗುವ ಹೊತ್ತಿಗೆ ಅವನ ಹೆಂಡತಿ ಮುಕಾಂಬು ನನ್ನನ್ನು ಬಾವಿಕಟ್ಟೆಗೆ ತಂದಳು. ಕೊಡಪಾನವನ್ನು ಸದ್ದಾಗದಂತೆ ಇಳಿಸಿ, ಮೇಲುಮೇಲಿನ ನೀರನ್ನಷ್ಟೇ ತುಂಬಿ ಎಳೆದಳು. ಅದರೊಳಗೆ ನನ್ನನ್ನು ಅದ್ದಿದಳು. ಆ ಮೊದಲ ನೀರು ನನ್ನೊಳಗೆ ಬಂದ ಗಳಿಗೆ ಇವತ್ತಿಗೂ ನೆನಪಿದೆ. ತೆಂಗಿನಕಾಯಿಯೊಳಗೆ ಇದ್ದಾಗ ನಾನು ಎಳನೀರನ್ನು ಕಂಡವನು. ಈ ನೀರು ಅದಕ್ಕಿಂತ ಹಗುರವಾಗಿತ್ತು, ತಂಪಾಗಿತ್ತು, ಎಳನೀರಿನಷ್ಟೇ ಸಿಹಿಯಾಗಿತ್ತು. ಅಲ್ಲಿಂದ ಯಾವ ದಿಕ್ಕಿಗೆ ಆರುನೂರು ಹೆಜ್ಜೆ ನಡೆದರೂ ಸಮುದ್ರ. ಅಲೆ ಬಡಿಯುವ ಸದ್ದು ಬಾವಿಯೊಳಗೂ ಕೇಳುತ್ತಿತ್ತು. ಅಷ್ಟು ಉಪ್ಪಿನ ನಡುವೆ ಈ ಸಿಹಿ ಎಲ್ಲಿಂದ ಬಂತು?

ಮುಕಾಂಬುವಿನ ಸೆರಗು ಹಿಡಿದು ನಿಂತಿದ್ದ ಮಗಳು ಜಲಜ, ಆಗ ಏಳು ವರ್ಷದವಳು, ಅಪ್ಪನನ್ನು ಇದೇ ಪ್ರಶ್ನೆ ಕೇಳಿದಳು.

"ಮಳಿ ನೀರ್ ಮಗಾ ಇದ್," ಎಂದ ಬಚ್ಚ. "ಮರಳೊಳ್ಗೆ ಇಳ್ದ್, ಸಮುದ್ರದ್ ನೀರಿನ್ ಮೇಲೆ ಕೂತ್ಕಂಡಿತ್. ಹಾಲಿನ್ ಮೇಲೆ ಕೆನಿ ಕೂತಂಗೆ. ಕೆನಿ ತೆಗುಕಾತ್ತ್, ಹಾಲ್ ಕದಡುಕಾಗ."

ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ನಾವೆಲ್ಲ ನಿಂತಿರುವ ನೆಲದ ಕೆಳಗೆ ಸಮುದ್ರವಿದೆ, ಅದರ ಬೆನ್ನಮೇಲೆ ಮಳೆಯ ನೀರು ತೆಳ್ಳಗೆ ಹಾಸಿಕೊಂಡು ಮಲಗಿದೆ, ಏಳು ಮನೆಗಳ ಬದುಕು ಆ ಹಾಸಿಗೆಯ ಮೇಲೆ ನಡೆದಿದೆ. ಎಷ್ಟು ಸಲ ನೆನೆದರೂ ನನಗೆ ಅದು ಹಳತಾಗಲಿಲ್ಲ.

ಹೊನ್ನೆಕುದ್ರಿನಲ್ಲಿ ಒಂದು ಕಟ್ಟಳೆಯಿತ್ತು. ದಿನದ ಮೊದಲ ನೀರನ್ನು ಮರಕಾಲರ ಮನೆಯ ಹೆಂಗಸು ರುಚಿ ನೋಡಬೇಕು. ಅವಳು "ಸೀ" ಅಂದ ಮೇಲೆಯೇ ಉಳಿದವರು ಸೇದುವುದು. "ಸಪ್ಪೆ" ಅಂದರೆ ಆ ದಿನ ಮನೆಗೆ ಎರಡೇ ಕೊಡ. "ಉಪ್ಪು" ಅಂದರೆ ಬಾವಿಗೆ ಬಿಡುವು, ಯಾರೂ ಹಗ್ಗ ಮುಟ್ಟುವಂತಿಲ್ಲ. ತಾಯಿಯಿಂದ ಮಗಳಿಗೆ ಬರುವ ಕೆಲಸ ಇದು. ಆ ಮೊದಲ ಗುಟುಕನ್ನು ನಾಲಿಗೆಗೆ ತಲುಪಿಸುವುದು ನನ್ನ ಪಾಲಿಗೆ ಬಂದಿತ್ತು.

ಇನ್ನೊಂದು ಸಣ್ಣ ಕ್ರಮವೂ ಇತ್ತು. ಬಾವಿಕಟ್ಟೆಯ ಮೂಲೆಯಲ್ಲಿ, ಹೊನ್ನೆ ಮರದ ನೆರಳಿಗೆ ಒಂದು ದೊಡ್ಡ ಪಿಂಗಾಣಿ ಭರಣಿ. ಆರಿದ್ರಾ ಮಳೆ ಸುರಿಯುವಾಗ ನಾಲ್ಕು ಕೋಲಿಗೆ ಬಿಳಿ ಪಂಚೆ ಕಟ್ಟಿ, ನಡುವೆ ಒಂದು ನುಣುಪು ಕಲ್ಲಿಟ್ಟು, ಅಲ್ಲಿಂದ ತೊಟ್ಟಿಕ್ಕುವ ಮಳೆನೀರನ್ನು ಆ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದರು. ಮುಂದಿನ ಆರಿದ್ರೆಯವರೆಗೂ ಅದು ಹಾಗೇ ಇರುತ್ತಿತ್ತು. ಮುಕಾಂಬು ದಿನಾ ಮೊದಲು ನನ್ನನ್ನು ಆ ಭರಣಿಗೆ ಅದ್ದಿ, ಒಂದು ಗುಟುಕಿನಿಂದ ಬಾಯಿ ಮುಕ್ಕಳಿಸಿ ಉಗುಳಿ, ಆಮೇಲೆ ಬಾವಿಯ ನೀರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ಮೊದ್ಲ್ ಮೇಲಿನ್ ನೀರ್, ಮತ್ತೆ ಕೆಳ್ಗಿನ್ ನೀರ್." ಎಲ್ಲರೂ ಅದನ್ನು ಭಕ್ತಿ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಪೂಜೆಗೆ ಮೊದಲು ಕೈಕಾಲು ತೊಳೆದ ಹಾಗೆ ಇದೂ ಒಂದು ಮಡಿ ಅಂದುಕೊಂಡೆ. ನನ್ನ ದಡ್ಡತನಕ್ಕೆ ಈಗ ನನಗೇ ನಾಚಿಕೆಯಾಗುತ್ತದೆ.

ಮುಕಾಂಬು "ಉಪ್ಪು" ಅಂದದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. ಆ ವರ್ಷ ಮಳೆಗಾಲ ಮೊಟಕಾಗಿತ್ತು. ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ಅವಳು ನೀರನ್ನು ಬಾಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಉಗುಳಿದಳು.

"ಉಪ್ಪ್. ಇವತ್ತಿಂದ ಯಾರೂ ಸೇದುಕಾಗ."

ಏಳು ಮನೆಯವರೂ ಗಲಾಟೆ ಎಬ್ಬಿಸಿದರು. ಪಕ್ಕದ ಮನೆಯ ಬಾಣಂತಿಯ ಅತ್ತೆ ಕೊಡ ಹಿಡಿದು ಎದುರಿಗೇ ಬಂದಳು. "ನಾಕ್ ಕೊಡ ಸೇದ್ರೆ ಬಾವಿ ಎಂತ ಮುಳ್ಗಿ ಹೋತ್ತಾ ಮುಕಾಂಬಕ್ಕ? ಸಣ್ಣ ಬಾಲಿ ಇತ್ ಮನಿಯಂಗೆ."

"ದೋಣಿ ಇತ್ತಲ್ದಾ, ಆಚಿ ದಡಕ್ಕೆ ಹೋಯಿ ತನ್ನಿ," ಎಂದಳು ಮುಕಾಂಬು. "ಬಾವಿ ಸತ್ರೆ ಮತ್ತೆ ದೋಣಿಯೂ ಸಾಕಾತಿಲ್ಲೆ."

ಹಾಗೆಂದು ಅವಳು ಬಾವಿಕಟ್ಟೆಯ ಮೇಲೆ ಕೂತಳು. ಹನ್ನೊಂದು ದಿನ ಅಲ್ಲಿಯೇ ಕೂತಿದ್ದಳು. ಊಟ, ಬಲೆ ಹೆಣೆಯುವುದು, ಜಗಳ, ಎಲ್ಲ ಅಲ್ಲೇ. ಅವಳ ಗಂಡನೇ ದಿನಾ ದೋಣಿಯಲ್ಲಿ ಹೋಗಿ ಬಾಣಂತಿಯ ಮನೆಗೆ ಮೊದಲು ನೀರು ತಂದುಕೊಟ್ಟ. ಹನ್ನೆರಡನೆಯ ದಿನ ಮಳೆ ಬಂತು. ಮತ್ತೆ ಒಂದು ವಾರ ಬಿಟ್ಟು ಅವಳು ನನ್ನನ್ನು ಎತ್ತಿಕೊಂಡು "ಸೀ" ಅಂದಾಗ, ಜಗಳವಾಡಿದ ಆ ಅತ್ತೆಯೇ ಮೊದಲು ಅಳತೊಡಗಿದಳು. ಗಟ್ಟಿ ಮೈಕಟ್ಟಿನ ಗಂಡಸರೂ ಆ ಹೆಂಗಸಿನ ಒಂದು ಮಾತಿಗೆ ತಲೆಬಾಗಿದ್ದರು. ಇಷ್ಟು ದೊಡ್ಡ ಸಮುದ್ರ, ಇಷ್ಟು ಸಣ್ಣ ನಾಲಿಗೆ ಎಂದು ನಾನು ಬೆರಗಾಗಿದ್ದೆ.

ಬಚ್ಚ ಹೋದ, ಕೆಲವು ವರ್ಷಕ್ಕೆ ಮುಕಾಂಬುವೂ ಹೋದಳು. ನಾನು ಜಲಜಳ ಕೈಗೆ ಬಂದೆ. ಜಲಜ ತಾಯಿಯ ಹಾಗೆ ಬಿರುಸಿನವಳಲ್ಲ. ಮೆತ್ತಗೆ ಮಾತು, ಯಾರಿಗೂ ಇಲ್ಲ ಎನ್ನಲಾರದ ಸ್ವಭಾವ. ಆದರೆ ಕೆಲಸದಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಮಗಳು ಸುಗಂಧಿ ಹುಟ್ಟಿದ ಹತ್ತು ದಿನ ಬಿಟ್ಟರೆ, ಜ್ವರ ಬಂದರೂ ಬಾವಿಕಟ್ಟೆಗೆ ಬರುತ್ತಿದ್ದಳು. ಭರಣಿ, ಆಮೇಲೆ ಬಾವಿ. ಸೀ. ಅವಳ ತಮ್ಮ ದಿನಕರ ದೋಣಿ ನಡೆಸುತ್ತಿದ್ದ.

ಮೊದಲ ಪ್ರವಾಸಿಗರನ್ನು ತಂದವನು ಆ ದಿನಕರನೇ. ಆರು ಜನ. ದಡದಲ್ಲಿ ನಿಂತು "ಆ ದ್ವೀಪದಲ್ಲಿ ಏನಿದೆ" ಎಂದು ಕೇಳಿದರಂತೆ, ಇವನು ಹತ್ತಿಸಿಕೊಂಡು ಬಂದ. ಅವರು ಮರಳಿಗೆ ಕಾಲಿಟ್ಟವರೇ ದ್ವೀಪವನ್ನೆಲ್ಲ ಒಂದು ಸುತ್ತು ಹಾಕಿದರು. ಒಬ್ಬ ನಡುವಯಸ್ಸಿನ ಹೆಂಗಸು ಬಾಯಾರಿ ಬಾವಿಯ ಹತ್ತಿರ ಬಂದಾಗ ಜಲಜ ನನ್ನಲ್ಲೇ ನೀರು ಕೊಟ್ಟಳು. ಆಕೆ ಕುಡಿದು, ಬಾವಿಯೊಳಗೆ ಬಗ್ಗಿ ನೋಡಿ, ತಿರುಗಿ ಸಮುದ್ರ ನೋಡಿ, ಮತ್ತೆ ಬಾವಿ ನೋಡಿದಳು. "ಇದು ಹೇಗೆ ಸಾಧ್ಯ?" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ಬೆರಗನ್ನೇ ಇನ್ನೊಬ್ಬರ ಮುಖದಲ್ಲಿ ಕಂಡು ನನಗೆ ಬಹಳ ಸಂತೋಷವಾಯಿತು. ಆದ್ದರಿಂದ ಬಂದವರನ್ನು ನಾನು ಬೈಯಲಾರೆ. ಅವರೆಲ್ಲ ಬಂದದ್ದು ಆ ಹೆಂಗಸಿನ ಹಾಗೆ ಬೆರಗಾಗಲೆಂದೇ. ಆದರೆ ಅವರು ಎಷ್ಟು ಜನ ಬರಬಹುದೆಂದು ನಮಗೆ ಯಾರಿಗೂ ಅಂದಾಜಿರಲಿಲ್ಲ.

ದಿನಕರ ಮೊದಲು ಎರಡು ಕೋಣೆ ಕಟ್ಟಿಸಿದ. ಅತಿಥಿಗಳಿಗೆ ಜಲಜಳ ಕೈಯ ಮೀನು ಸಾರು, ಕುಚ್ಚಿಲಕ್ಕಿ ಅನ್ನ. ಅವರು ಫೋಟೊ ಹಾಕಿದರು, ಅದನ್ನು ನೋಡಿ ಇನ್ನಷ್ಟು ಜನ ಬಂದರು. ಮರುವರ್ಷ ಹೊರಗಿನ ಒಂದು ಕಂಪನಿಯವರು ಬಂದು ದಿನಕರನೊಂದಿಗೆ ಪಾಲುದಾರರಾದರು. ಏಳು ಮನೆಗಳಲ್ಲಿ ಐದು ಮನೆಯವರು ಜಾಗವನ್ನು ಗೇಣಿಗೆ ಕೊಟ್ಟು ಅಲ್ಲಿಯೇ ಕೆಲಸಕ್ಕೆ ಸೇರಿದರು. ಎರಡು ಕೋಣೆ ಹತ್ತಾಯಿತು, ಹತ್ತು ನಲವತ್ತಾಯಿತು. ದೋಣಿ ನಿಲ್ಲಲು ಕಾಂಕ್ರೀಟಿನ ಜೆಟ್ಟಿ ಬಂತು. ಕೋಣೆಯ ಕಿಟಕಿಗಳಿಂದ ಸಮುದ್ರ ಕಾಣಲೆಂದು ಅಂಚಿನ ಹೊನ್ನೆ ಮರಗಳನ್ನು ಒಂದೊಂದಾಗಿ ಕಡಿದರು. ಮರ ಹೋದ ಮೇಲೆ ಮರಳೂ ಹೋಗತೊಡಗಿತು. ಮೊಟ್ಟೆಯಿಡಲು ಬರುತ್ತಿದ್ದ ಆಮೆಗಳು ಆ ಬೆಳಕು, ಆ ಹಾಡಿನ ಅಬ್ಬರ ನೋಡಿ ಬಂದ ದಾರಿಗೆ ಸುಂಕವಿಲ್ಲದೆ ತಿರುಗಿಹೋದವು. ನೀರಿನ ಮೇಲೆ ಓಡುವ ಸ್ಕೂಟರುಗಳು ಬಂದವು. ಅವುಗಳ ಆರ್ಭಟಕ್ಕೆ ಮೀನು ದೂರ ಸರಿದವು ಎಂದು ಮುದುಕರು ಗೊಣಗಿದರು.

ಇಷ್ಟೆಲ್ಲ ಆಗುವಾಗ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಕೋಪಕ್ಕಿಂತ ಬೆರಗೇ ಹೆಚ್ಚಾಗಿತ್ತು. ಸುತ್ತ ಸಮುದ್ರವೇ ಇರುವ ದ್ವೀಪದ ಮೇಲೆ ಈಜಲು ಇನ್ನೊಂದು ಕೊಳ ಕಟ್ಟಿದರು. ಅದಕ್ಕೆ ಬಾವಿಯ ಸಿಹಿನೀರು ತುಂಬಿದರು. ಅದರ ತಳಕ್ಕೆ ನೀಲಿ ಬಿಲ್ಲೆ ಹಾಸಿ ಸಮುದ್ರಕ್ಕಿಂತ ನೀಲಿಯಾಗಿ ಕಾಣುವಂತೆ ಮಾಡಿದರು. ಜನ ಸಮುದ್ರಕ್ಕೆ ಬೆನ್ನು ಹಾಕಿ ಆ ಕೊಳದಲ್ಲಿ ಕೂತರು. ಮನುಷ್ಯರ ತಲೆಯೊಳಗೆ ಎಂತೆಂಥ ಯೋಚನೆಗಳು ಹುಟ್ಟುತ್ತವೆ ಎಂದು ನಾನು ಮೂಗಿನ ಮೇಲೆ ಬೆರಳಿಡಬೇಕು, ಮೂಗೂ ಇಲ್ಲ, ಬೆರಳೂ ಇಲ್ಲ.

ಬಾವಿಗೆ ಮೋಟಾರು ಇಳಿಸುವ ದಿನ ಜಲಜ ಅಡ್ಡ ನಿಂತಳು. ಮೆತ್ತಗಿನವಳು ಅಂದೆನಲ್ಲ, ಆ ದಿನ ಮಾತ್ರ ಅವಳ ತಾಯಿಯೇ ಮೈಮೇಲೆ ಬಂದ ಹಾಗಿದ್ದಳು. "ಹಾಲ್ ಕದಡುಕಾಗ ಅಂತ ಅಪ್ಪಯ್ಯ ಹೇಳಿದ್ದ್ ಮರ್ತ್ಯಾ ದಿನಕರ?"

ದಿನಕರ ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತ. "ಮರೀಲಿಲ್ಲೆ ಅಕ್ಕ. ಕಟ್ಟಳಿ ಬಿಡುದಿಲ್ಲೆ. ದಿನಾ ಬೆಳಿಗ್ಗೆ ನೀ ಬಾ, ರುಚಿ ಕಾಣ್. ನೀ ಸೀ ಅಂದ್ರೆ ಮಾತ್ರ ಮೋಟಾರ್ ಹಾಕುದ್. ಉಪ್ಪ್ ಅಂದ್ ದಿನ ಸ್ವಿಚ್ ಮುಟ್ಟುದಿಲ್ಲೆ. ಅಬ್ಬಿ ಆಣೆ."

ತಾಯಿಯ ಮೇಲೆ ಆಣೆ ಇಟ್ಟವನು ಮೋಸ ಮಾಡಲಿಲ್ಲ. ಆ ಮಾತನ್ನು ಮನಸ್ಸಿನಿಂದಲೇ ಹೇಳಿದ್ದ. ಜಲಜ ಒಪ್ಪಿದಳು. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಬಂದು ನನ್ನಲ್ಲಿ ನೀರು ತೆಗೆದು ಕುಡಿದು "ಸೀ" ಎನ್ನುವುದು, ಪಂಪಿನ ಹುಡುಗರು ಸ್ವಿಚ್ ಒತ್ತುವುದು. ಅತಿಥಿಗಳು ಸುತ್ತ ನಿಂತು ಇದರ ವೀಡಿಯೊ ಮಾಡತೊಡಗಿದರು. ಏಳು ಮನೆಗಳಿಗಿದ್ದ ಕಟ್ಟಳೆ ನಲವತ್ತು ಕೋಣೆಗಳಿಗೂ ಹಾಗೇ ಉಳಿಯಿತು ಎಂದು ಎಲ್ಲರಿಗೂ ನೆಮ್ಮದಿ.

ಒಂದು ದಿನ ರಿಸಾರ್ಟಿನ ಮ್ಯಾನೇಜರ್ ಕಟ್ಟೆಯ ಮೂಲೆಯಲ್ಲಿದ್ದ ಭರಣಿಯನ್ನು ಕಂಡ. ಮೇಲೆ ಕಂದು, ಕೆಳಗೆ ಕೆನೆಬಣ್ಣ, ನುಣ್ಣಗೆ ಹೊಳೆಯುವ ಹಳೆಯ ಭರಣಿ. "ಎಷ್ಟು ಚೆನ್ನಾಗಿದೆ ಅಕ್ಕ ಇದು. ಇಲ್ಲಿ ಮೂಲೆಯಲ್ಲಿ ಯಾರಿಗೂ ಕಾಣೋದಿಲ್ಲ. ರಿಸೆಪ್ಷನ್‌ನಲ್ಲಿಟ್ಟು ನೀರು ತುಂಬಿ ಹೂವು ತೇಲಿಬಿಡ್ತೀವಿ. ಬಂದವರಿಗೆಲ್ಲ ನಿಮ್ಮ ಮನೆತನದ ಕಥೆ ಹೇಳಬಹುದು" ಎಂದ. ಜಲಜ ಸ್ವಲ್ಪ ಹಿಂದೆಮುಂದೆ ನೋಡಿದಳು. ಇಲ್ಲ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ. ಬಾಯಿ ಮುಕ್ಕಳಿಸಲು ಭರಣಿಯೇ ಯಾಕೆ ಬೇಕು ಎಂದು ಅವಳಿಗೂ ಅನ್ನಿಸಿರಬೇಕು. "ತಕಣಿ" ಎಂದಳು. ಮರುದಿನದಿಂದ ಅವಳು ಬಾವಿಯ ನೀರಿನಿಂದಲೇ ಬಾಯಿ ಮುಕ್ಕಳಿಸಿ, ಬಾವಿಯ ನೀರನ್ನೇ ರುಚಿ ನೋಡತೊಡಗಿದಳು.

ಅಷ್ಟೇ ಆದದ್ದು. ಯಾರೂ ಕೂಗಾಡಲಿಲ್ಲ, ಯಾರೂ ಕೆಟ್ಟದ್ದು ಬಯಸಲಿಲ್ಲ. ಒಂದು ಭರಣಿ ನೂರು ಹೆಜ್ಜೆ ಆಚೆ ಹೋಯಿತು.

ಮುಂದಿನ ಎರಡು ವರ್ಷ ಏನಾಯಿತೆಂದರೆ, ದಿನಕ್ಕೊಂದು ಕಾಳಿನಷ್ಟು ಉಪ್ಪು ಬಾವಿಗೆ ಬಂತು. ಮೋಟಾರು ಕೆನೆಯನ್ನೆಲ್ಲ ಎಳೆದು, ಕೆಳಗಿನದನ್ನು ಮೇಲಕ್ಕೆ ಎಬ್ಬಿಸುತ್ತಿತ್ತು. ನಿನ್ನೆಗಿಂತ ಇವತ್ತಿಗೆ ಒಂದೇ ಕಾಳು ಹೆಚ್ಚು. ನಿನ್ನೆಯ ನೀರನ್ನು ಕುಡಿದ ನಾಲಿಗೆಗೆ ಅದು ಗೊತ್ತಾಗುವುದಾದರೂ ಹೇಗೆ? ಜಲಜ ದಿನಾ "ಸೀ" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ನಾಲಿಗೆ ಬಾವಿಯ ಜೊತೆಗೇ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು.

ಗುರುತುಗಳು ಇದ್ದವು. ಗಂಜಿಗೆ ಹಾಕುವ ಉಪ್ಪು ಜಲಜಳ ಕೈಯಲ್ಲಿ ತಾನಾಗಿ ಕಡಿಮೆಯಾಯಿತು. ತಿಂಗಳಿಗೊಮ್ಮೆ ತುಂಬಿಸುತ್ತಿದ್ದ ಉಪ್ಪಿನ ಡಬ್ಬಿ ಮೂರು ತಿಂಗಳು ಬಂತು. ಬೇಳೆ ಬೇಯಲು ಹೊತ್ತು ಹಿಡಿಯಿತು. ಕೋಣೆಗಳಲ್ಲಿ ಸೋಪು ನೊರೆ ಬರುತ್ತಿಲ್ಲ ಎಂದು ಅತಿಥಿಗಳು ದೂರಿದರು, ಮ್ಯಾನೇಜರ್ ಸೋಪು ಬದಲಾಯಿಸಿದ. ಹೊರಗಿನಿಂದ ಬಂದ ನಾಲಿಗೆಗಳೇನೋ ನೂರಾರು ಇದ್ದವು, ಆದರೆ ಅವರು ಯಾರೂ ಬಾವಿಯ ನೀರು ಕುಡಿಯುತ್ತಿರಲಿಲ್ಲ. ಅವರಿಗೆ ಬಾಟಲಿ ನೀರು ದೋಣಿಯಲ್ಲಿ ಬರುತ್ತಿತ್ತು. ಖಾಲಿ ಬಾಟಲಿಗಳು ದ್ವೀಪದ ಹಿಂಬದಿಯಲ್ಲಿ ಗುಡ್ಡವಾಗಿದ್ದವು. ಇನ್ನು ನಾನು. ಬಿಸಿಲಿಗೆ ಒಣಗಿದಾಗ ನನ್ನ ಒಳಗೋಡೆಯ ಮೇಲೆ ತೆಳುವಾದ ಬಿಳಿ ಗೆರೆಯೊಂದು ಮೂಡುತ್ತಿತ್ತು. ಜಲಜ ಅದನ್ನು ಕಂಡು ಬೂದಿ ಹಾಕಿ ಉಜ್ಜುತ್ತಿದ್ದಳು. ಮರುದಿನ ಮತ್ತೆ ಬರುತ್ತಿತ್ತು. ನನಗೆ ಬಾಯಿ ಇದೆ, ನಾಲಿಗೆ ಇಲ್ಲ. ಆ ಎರಡು ವರ್ಷ ನಾನು ಪಟ್ಟ ಸಂಕಟ ಯಾರಿಗೂ ಬೇಡ.

ಆಗ ಬಂದವಳು ಸುಗಂಧಿ. ಜಲಜಳ ಮಗಳು, ಮದುವೆಯಾಗಿ ಗಂಡನ ಜೊತೆ ಬೊಂಬಾಯಿಗೆ ಹೋದವಳು, ಮೂರು ವರ್ಷದ ಮೇಲೆ ತಾಯಿಯನ್ನು ನೋಡಲು ಬಂದಿದ್ದಳು. ನಡುಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿತ್ತು. ಚೀಲ ಇಳಿಸಿ ನೇರವಾಗಿ ಬಾವಿಕಟ್ಟೆಗೆ ಬಂದಳು. "ಬೊಂಬಾಯಂಗೆ ಈ ನೀರನ್ನೇ ಕನಸ್ ಕಾಂತಿದ್ದೆ ಅಬ್ಬಿ" ಎಂದಳು. ಜಲಜ ನಗುತ್ತ ನನ್ನನ್ನು ತುಂಬಿ ಅವಳ ಕೈಗೆ ಕೊಟ್ಟಳು.

ಸುಗಂಧಿ ಬಾಯಿಗಿಟ್ಟವಳೇ ಥೂ ಎಂದು ಉಗುಳಿದಳು.

"ಇದೆಂತ ಅಬ್ಬಿ, ಸಮುದ್ರದ್ ನೀರ್ ಕೊಟ್ಟೆ?"

"ಬಾವಿ ನೀರೇ. ಈಗಷ್ಟೇ ಸೇದದ್ದ್."

"ಇದ್ ಉಪ್ಪ್."

"ಬೊಂಬಾಯಿ ನೀರ್ ಕುಡ್ದ್ ಕುಡ್ದ್ ನಿನ್ನ್ ನಾಲ್ಗಿ ಕೆಟ್ಟ್ ಹೋಯಿತ್," ಎಂದಳು ಜಲಜ.

ಸುಗಂಧಿ ಕಟ್ಟೆಯ ಮೂಲೆ ನೋಡಿದಳು. "ಅಜ್ಜಿ ಭರಣಿ ಎಲ್ಲಿತ್?"

ಜಲಜ ಆ ಖಾಲಿ ಮೂಲೆಯತ್ತ ತಿರುಗಿದಳು. ಮೊದಲು ಮೇಲಿನ ನೀರು, ಮತ್ತೆ ಕೆಳಗಿನ ನೀರು. ಅವಳ ತಾಯಿ ದಿನಾ ಹೇಳುತ್ತಿದ್ದ ಆ ಮಾತು ಅವಳಿಗೂ ನನಗೂ ಒಟ್ಟಿಗೇ ಅರ್ಥವಾಯಿತು. ಅದು ಮಡಿಯಲ್ಲ, ಭಕ್ತಿಯೂ ಅಲ್ಲ. ಆ ಭರಣಿ ಅಳತೆಗೋಲು. ಉಪ್ಪೇ ಇಲ್ಲದ ನೀರು ಯಾವುದೆಂದು ನಾಲಿಗೆಗೆ ದಿನಾ ನೆನಪಿಸಿ, ಆಮೇಲೆ ಬಾವಿಯನ್ನು ಕೇಳಬೇಕಿತ್ತು.

ಜಲಜ ನನ್ನನ್ನು ಬಾವಿಯ ನೀರಿನಿಂದ ತುಂಬಿಕೊಂಡು, ತುಳುಕದ ಹಾಗೆ ಹಿಡಿದು, ಈಜುಕೊಳ ದಾಟಿ, ಬಿಸಿಲಿಗೆ ಮಲಗಿದ್ದ ಜನರ ನಡುವೆ ನಡೆದು ರಿಸೆಪ್ಷನ್‌ಗೆ ಹೋದಳು. ಭರಣಿಯಲ್ಲಿ ಈಗ ಬಾವಿಯ ನೀರೇ ಇತ್ತು, ಅದರ ಮೇಲೆ ಗುಲಾಬಿ ದಳಗಳು ತೇಲುತ್ತಿದ್ದವು. ಕೌಂಟರಿನ ಮೇಲಿದ್ದ ಬಾಟಲಿ ಎತ್ತಿ, ಮುಚ್ಚಳ ತಿರುವಿ, ಬಾಯಿ ಮುಕ್ಕಳಿಸಿ ಹೂವಿನ ಕುಂಡಕ್ಕೆ ಉಗುಳಿದಳು. ಆಮೇಲೆ ನನ್ನನ್ನು ತುಟಿಗಿಟ್ಟಳು. ಕಣ್ಣು ಮುಚ್ಚಿದಳು.

"ಉಪ್ಪ್," ಎಂದಳು. ಮತ್ತೆ ತಮ್ಮನ ಕಡೆ ತಿರುಗಿ, "ಸ್ವಿಚ್ ತೆಗಿ ದಿನಕರ."

ದಿನಕರ ಓಡಿಬಂದಿದ್ದ. ಅವನಿಗೆ ಆಣೆ ನೆನಪಿತ್ತು, ಮುಖವೇ ಹೇಳುತ್ತಿತ್ತು. "ಅಕ್ಕ, ಇವತ್ತ್ ಮದಿ ಪಾರ್ಟಿ ಬಂದಿತ್. ಇನ್ನೂರ್ ಜನ. ನಾಳೆ ತೆಗಿತೆ."

ಮರುದಿನ ಮದುವೆಯ ಎರಡನೆಯ ದಿನವಾಗಿತ್ತು. ಅದರ ಮರುದಿನ ಇನ್ನೊಂದು ತಂಡ. ಮ್ಯಾನೇಜರ್ ಸಮಾಧಾನ ಹೇಳಿದ. ಮುಂದಿನ ತಿಂಗಳು ದೊಡ್ಡ ಹಡಗಿನಲ್ಲಿ ನೀರು ತರಿಸುತ್ತೇವೆ ಎಂದ, ಅಲ್ಲಿಯವರೆಗೆ ಮೋಟಾರು ನಿಲ್ಲಿಸಲಾಗದು ಎಂದ. ಜಲಜ ಬಾವಿಕಟ್ಟೆಯ ಮೇಲೆ ಕೂರಲು ಹೋದಳು. ಆದರೆ ಪೈಪು ನೆಲದೊಳಗೆ ಹೋಗಿತ್ತು, ಸ್ವಿಚ್ಚು ಬೀಗ ಹಾಕಿದ ಕೋಣೆಯಲ್ಲಿತ್ತು. ಕಟ್ಟೆಯ ಮೇಲೆ ಕೂತರೆ ಈಗ ಏನನ್ನು ತಡೆದಂತಾಯಿತು? ಅವಳು ಹಿಂದಿರುಗಿ ಬಂದು ನನ್ನನ್ನು ಕೌಂಟರಿನ ಮೇಲಿಟ್ಟಳು. "ಎರಡ್ ವರ್ಷ ನಾನೇ ಸೀ ಅಂದಿದ್ದೆ. ನನ್ನ್ ನಾಲ್ಗಿ ಇನ್ನ್ ನಂಬುಕಾಗ," ಎಂದಷ್ಟೇ ಹೇಳಿ, ಮಗಳ ಜೊತೆ ದೋಣಿ ಹತ್ತಿದಳು. ಅವಳನ್ನು ಕೂಗಿ ಕರೆಯಲು ಆಗದೆ ನಾನು ಅತ್ತಿದ್ದರೆ ಅದೂ ಉಪ್ಪೇ ಆಗಿರುತ್ತಿತ್ತು.

ಅವರು ನನ್ನನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು, ಮೇಲೊಂದು ಸಣ್ಣ ದೀಪವನ್ನೂ ಇಟ್ಟರು. ಬಂದವರು ನನ್ನ ಜೊತೆ ಫೋಟೊ ತೆಗೆಸಿಕೊಂಡರು. ಅಲ್ಲಿಂದ ಕಿಟಕಿಯಾಚೆಗಿನ ಎಲ್ಲವೂ ಕಾಣುತ್ತಿತ್ತು. ಇನ್ನೂ ಮೂರು ಕಡೆ ಕೊರೆದರು, ಮೂರರಲ್ಲೂ ಉಪ್ಪೇ ಬಂತು. ತೆಂಗಿನ ಗರಿಗಳು ತುದಿಯಿಂದ ಹಳದಿಯಾಗಿ, ಕಂದಾಗಿ, ಕೊನೆಗೆ ಸುಳಿಯೇ ಕಳಚಿ ಬಿತ್ತು. ನನ್ನನ್ನು ಹೆತ್ತ ಮರವೂ ಬೋಳಾಯಿತು. ನಲ್ಲಿಗಳಿಗೆ ತುಕ್ಕು ಹಿಡಿಯಿತು. ಉಳಿದ ಮನೆಯವರು ಪಾತ್ರೆಪಗಡೆ ಹೊತ್ತು ಆಚೆ ದಡಕ್ಕೆ ಹೋದರು. ಮರಳು ಕರಗಿ, ಸಮುದ್ರ ಮೊದಲ ಸಾಲಿನ ಕೋಣೆಗಳ ಮೆಟ್ಟಿಲಿಗೆ ಬಂತು. ಅತಿಥಿಗಳು ಕಡಿಮೆಯಾದರು. ಕಂಪನಿ ಇನ್ನೊಂದು ಚಂದದ ದ್ವೀಪ ಹುಡುಕಿಕೊಂಡು, ಇಲ್ಲಿಂದ ಕೈತೊಳೆದುಕೊಂಡು ಹೋಯಿತು. ಮೋಟಾರನ್ನು ಬಿಚ್ಚಿ ಒಯ್ದರು. ನನ್ನನ್ನೂ ಭರಣಿಯನ್ನೂ ಒಯ್ಯಲು ಯಾರಿಗೂ ನೆನಪಾಗಲಿಲ್ಲ.

ಆಮೇಲಿನದು ನಾನು ಕಂಡ ಎಲ್ಲಕ್ಕಿಂತ ದೊಡ್ಡ ಬೆರಗು. ಏನೂ ಆಗಲಿಲ್ಲ, ಮಳೆ ಬಂತು, ಅಷ್ಟೇ. ಯಾರೂ ಇಲ್ಲದ ದ್ವೀಪದ ಮೇಲೆ ನಾಲ್ಕು ತಿಂಗಳು ಸುರಿಯಿತು. ಮಾಡಿನ ಹೆಂಚು ಸರಿದು ನೀರು ಭರಣಿಯೊಳಗೇ ಬಿತ್ತು. ಮರುವರ್ಷ ಮತ್ತೆ ಸುರಿಯಿತು. ಬಿರುಕುಬಿಟ್ಟ ಈಜುಕೊಳದ ತಳದಲ್ಲಿ ಹೊನ್ನೆಯ ಸಸಿಯೊಂದು ಎದ್ದಿತು. ಎಷ್ಟು ಮಳೆಗಾಲ ಎಂದು ನಾನು ಲೆಕ್ಕ ಬಿಟ್ಟಿದ್ದೆ. ಒಂದು ದಿನ ಮಳೆ ನಿಂತು ಹೊಳವಾದಾಗ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಜಲಜಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ದಿನಕರ, ಬೆನ್ನು ಬಾಗಿತ್ತು. ಅವನಿಗೆ ಉಳಿದದ್ದು ಆ ಹಳೆಯ ದೋಣಿ ಒಂದೇ.

ಜಲಜ ನನ್ನನ್ನು ಮೊಳೆಯಿಂದ ಇಳಿಸಿ ಸೆರಗಿನಿಂದ ಒರೆಸಿದಳು. ಒಳಗಿನ ಬಿಳಿ ಗೆರೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು. "ಅದ್ನ್ ಉಜ್ಜುದ್ ಬ್ಯಾಡ, ಇರ್ಲಿ," ಎಂದು ತನಗೆ ತಾನೇ ಹೇಳಿಕೊಂಡಳು. ದಿನಕರ ಭರಣಿಯನ್ನು ಹೊತ್ತು ಕಟ್ಟೆಯ ಮೂಲೆಗೆ ತಂದಿಟ್ಟ. ಅಕ್ಕನ ಮುಖ ನೋಡುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ.

ಅಂದು ಹೊಸ ಕಟ್ಟಳೆ ಹುಟ್ಟಿತು. ಮಳೆಗಾಲ ಮುಗಿದ ಮೇಲೆ, ವರ್ಷಕ್ಕೆ ಒಮ್ಮೆ, ಒಂದೇ ಕೊಡ ಸೇದುವುದು. ರುಚಿ ನೋಡುವುದು ಜಲಜ ಅಲ್ಲ, ಮರಕಾಲರ ಮನೆಯವರು ಯಾರೂ ಅಲ್ಲ. ಆ ಬಾವಿಯ ನೀರನ್ನು ಎಂದೂ ಕುಡಿಯದವರು ಒಬ್ಬರು ಬೇಕು. ದ್ವೀಪ ನೋಡಬೇಕೆಂದು ದಡದಲ್ಲಿ ಕೇಳಿಕೊಂಡು ಬಂದವರಲ್ಲಿ ಒಬ್ಬರನ್ನೇ ದಿನಕರ ಕರೆತರುತ್ತಾನೆ. ಯಾರ ಜಾತ್ರೆಯಿಂದ ಬಾವಿ ಕೆಟ್ಟಿತೋ ಅವರ ನಾಲಿಗೆಯನ್ನೇ ಈಗ ನಂಬಬೇಕಾಗಿದೆ. ಮೊದಲ ವರ್ಷ ಬಂದ ತರುಣನಿಗೆ ತುಟಿಗೆ ತಾಗುತ್ತಲೇ ಉಪ್ಪು ಗೊತ್ತಾಯಿತು, ಒಳಗೆ ಹಾಕಿಕೊಳ್ಳಲೇ ಇಲ್ಲ. ನಾಲ್ಕನೆಯ ವರ್ಷ ಬಂದ ಮುದುಕರೊಬ್ಬರು ನಾಲಿಗೆಯ ಮೇಲಿಟ್ಟು ಮುಖ ಕಿವುಚಿ ಉಗುಳಿದರು.

ಇವತ್ತು ಬಂದದ್ದು ಗದಗಿನ ಕಡೆಯ ಒಬ್ಬ ಟೀಚರ್, ಶಕುಂತಲಾ ಎಂದು ಹೆಸರು. ಆಕೆ ಭರಣಿಯ ನೀರಿನಿಂದ ಬಾಯಿ ಮುಕ್ಕಳಿಸಿದಳು. ದಿನಕರ ಕೊಡಪಾನವನ್ನು ಸದ್ದಾಗದಂತೆ ಇಳಿಸಿ ಎಳೆದ. ಜಲಜ ನನ್ನನ್ನು ತುಂಬಿ ಕೊಟ್ಟು, ಆಕೆಯ ಗಂಟಲನ್ನೇ ನೋಡುತ್ತ ನಿಂತಳು. ಟೀಚರ್ ಅರ್ಧ ಕುಡಿದಳು.

"ಉಪ್ಪು ಐತ್ರಿ ಅಜ್ಜಿ," ಎಂದಳು. "ಆದ್ರ ಬಾಯಾಗ ಇದ್ದಾಗ ಗೊತ್ತಾಗಲಿಲ್ಲ. ನುಂಗಿದ ಮ್ಯಾಲೆ ಗೊತ್ತಾತು."

"ನುಂಗಿದ್ರಾ?" ಎಂದಳು ಜಲಜ.

"ಹೂಂ ರೀ, ನುಂಗಿದೆ. ಯಾಕ, ನುಂಗಬಾರದಿತ್ತೇನು?"

ದಿನಕರ ಹಗ್ಗ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತ. ಜಲಜ ತಮ್ಮನ ಹೆಗಲ ಮೇಲೆ ಕೈಯಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳು ಅವನನ್ನು ಮುಟ್ಟಿದ್ದನ್ನು ನಾನು ಕಂಡದ್ದು ಇದೇ ಮೊದಲು. ಸಮುದ್ರ ತುಟಿಯಿಂದ ನಾಲಿಗೆಗೆ, ನಾಲಿಗೆಯಿಂದ ಗಂಟಲಿಗೆ ಹಿಂದೆ ಸರಿದಿತ್ತು. ಅದನ್ನು ಸರಿಸಿದ್ದು ಮಳೆ, ಯಾರೂ ಮುಟ್ಟದೆ ಬಿಟ್ಟ ವರ್ಷಗಳು. ನಾನು ಈಗ ಮುದಿಯಾಗಿದ್ದೇನೆ. ಅಂಚಿನಲ್ಲಿ ಬಿರುಕು ಬಿದ್ದಿದೆ, ಹಿಡಿ ಸಡಿಲವಾಗಿದೆ. ಪೂರ್ತಿ ಸಿಹಿಯಾಗುವವರೆಗೆ ಬಾಳುತ್ತೇನೋ ಇಲ್ಲವೋ ಗೊತ್ತಿಲ್ಲ. ಜಲಜಳಿಗೂ ಗೊತ್ತಿಲ್ಲ.

ಬಿಸಿಲೇರಿತ್ತು. ಟೀಚರಿಗೆ ಬಾಯಾರಿಕೆಯಾಗಿರಬೇಕು, ನನ್ನಲ್ಲಿ ಉಳಿದ ಅರ್ಧ ಗುಟುಕನ್ನು ನೋಡಿ, "ಇದನ್ನೂ ಕುಡೀಲೇನ್ರಿ?" ಎಂದು ಕೇಳಿದಳು.

"ಈಗ ಬ್ಯಾಡ ಮಗಾ," ಎಂದಳು ಜಲಜ. "ಇದ್ ಬಾವಿಗೇ ಬೇಕ್."

ಇಲ್ಲ ಎನ್ನಲು ಬಾರದಿದ್ದ ಹೆಂಗಸು ಹಾಗೆಂದು, ಕೊಡಪಾನದ ನೀರನ್ನೆಲ್ಲ ನಿಧಾನವಾಗಿ ಬಾವಿಗೆ ಸುರಿದಳು. ಆಮೇಲೆ ನನ್ನನ್ನು ಬಾವಿಯ ಮೇಲೆ ಚಾಚಿ, ಆ ಅರ್ಧ ಗುಟುಕನ್ನೂ ಅದಕ್ಕೇ ಬಗ್ಗಿಸಿದಳು.